ದೊಡ್ಡಸ್ವಾಮಿಗೆ ಎದುರಾದ ಪ್ರಶ್ನೆಗಳು

1799ರ ಮೇ 4ರಂದು ಶ್ರೀರಂಗಪಟ್ಟಣ ಬ್ರಿಟಿಷರ ವಶವಾಯಿತು. ಟಿಪ್ಪು ಸುಲ್ತಾನ್ ಮಡಿದ. ಆ ಬಳಿಕ ಪಟ್ಟಣಕ್ಕೆ ಬಂದವರಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಒಬ್ಬ. ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸುವ ಹೊಣೆ ಆತನದಾಗಿತ್ತು. ದೇಶೀಯ ಉಡುಪು ತೊಟ್ಟು, ಇಲ್ಲಿನವರ ರೀತಿನೀತಿಗಳನ್ನೇ ಅನುಸರಿಸಿ ಬದುಕಿದ ಆತನನ್ನು ಜನ ‘ದೊಡ್ಡಸ್ವಾಮಿಯವರು’ ಎಂದು ಕರೆದರು. ಗಂಜಾಂನ ಚರ್ಚ್ ಇಂದಿಗೂ ಆತನ ಹೆಸರಿನಿಂದಲೇ ಪರಿಚಿತ.

ಆತನಿಗೆ ಎದುರಾದ ಮೊದಲ ಪ್ರಶ್ನೆ ಸ್ವಂತ ಸಭೆಯಿಂದಲೇ ಬಂತು. 1784ರಲ್ಲಿ ಕೆನರಾ ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದ. ಸೆರೆಯಾದವರು 60,000 ಎಂದು ದುಬಾಯ್ ಬರೆಯುತ್ತಾನೆ; ಇತರ ಲೆಕ್ಕಗಳು ಬೇರೆ ಬೇರೆ ಇವೆ. ಬಲವಂತಕ್ಕೆ ಮಣಿದು ಮತಾಂತರಗೊಂಡಿದ್ದವರಲ್ಲಿ ಬದುಕುಳಿದವರು ಈಗ ಚರ್ಚಿನ ಬಾಗಿಲಿಗೆ ಬಂದರು. ಮತ ಬಿಟ್ಟವರನ್ನು ಮತ್ತೆ ಸೇರಿಸಿಕೊಳ್ಳಬಹುದೇ? ದುಬಾಯ್ ಸೇರಿಸಿಕೊಂಡ. ಆದರೆ ಅಷ್ಟು ಸಾವಿರ ಜನರಲ್ಲಿ ನಂಬಿಕೆಗಾಗಿ ಪ್ರಾಣ ಕೊಡಲು ಒಬ್ಬನೂ ಮುಂದಾಗಲಿಲ್ಲವಲ್ಲ ಎಂಬ ಕೊರಗನ್ನು ಕಟುವಾಗಿಯೇ ಬರೆದಿಟ್ಟ. 1792ರಲ್ಲಿ, ಪಾದ್ರಿಗಳಿಗೆ ಉಳಿಗಾಲವಿಲ್ಲದಿದ್ದಾಗ, ಕ್ರಾಂತಿಯ ಫ್ರಾನ್ಸನ್ನು ಬಿಟ್ಟು ಬಂದ ವ್ಯಕ್ತಿಯ ಬಾಯಲ್ಲಿ ಈ ಮಾತು ತುಸು ಅತಿಯಾಯಿತೆನ್ನಬೇಕು.

ಹೊರಗಿನವರ ಪ್ರಶ್ನೆಗಳು ಇನ್ನೊಂದು ಬಗೆಯವು. ತ್ರಿತ್ವದ ತತ್ವವನ್ನಾಗಲೀ ಪುನರುತ್ಥಾನವನ್ನಾಗಲೀ ಕೆದಕಿದವರು ಕಡಿಮೆ. ಏನು ತಿನ್ನುತ್ತೀರಿ, ಯಾರೊಡನೆ ಕೂತು ಉಣ್ಣುತ್ತೀರಿ ಎಂಬುದೇ ಮುಖ್ಯವಾಗಿತ್ತು. ಇದು ಹಳೆಯ ತೊಡಕು. 1648ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು, ಕನ್ನಡದಲ್ಲೇ ಧರ್ಮಬೋಧೆಯ ಪುಸ್ತಕ ಬರೆದ. ಆದರೂ ಕ್ರೈಸ್ತಮತವೆಂದರೆ ‘ಪರಂಗಿ’ಗಳ ಮತ, ಪರಂಗಿಗಳೆಂದರೆ ದನ ತಿಂದು ಹೆಂಡ ಕುಡಿಯುವವರು ಎಂಬ ಭಾವನೆ ಹೋಗಲಿಲ್ಲ. ಜನ ಕಣ್ಣಾರೆ ಕಂಡ ಯೂರೋಪಿಯನ್ನರಲ್ಲಿ ಸಿಪಾಯಿಗಳೇ ಹೆಚ್ಚು. ಹೈದರ್, ಟಿಪ್ಪು ಕಾಲದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣಕ್ಕೆ ಇಂದಿನ ಪಾಂಡವಪುರಕ್ಕೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರೇ ಬಂದಿತ್ತು.

ಈ ತೊಡಕು ಎಷ್ಟು ಆಳದ್ದೆಂಬುದಕ್ಕೆ ದುಬಾಯ್ ತಾನೇ ಒಂದು ಪ್ರಸಂಗ ಹೇಳುತ್ತಾನೆ. ಆತ ಒಮ್ಮೆ ಬೈಬಲ್ಲಿನ ದಾರಿತಪ್ಪಿದ ಮಗನ ಕಥೆಯನ್ನು ಬೋಧಿಸಿದ. ಮನೆಗೆ ಮರಳಿದ ಮಗನಿಗಾಗಿ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸಿ ಔತಣ ಮಾಡುತ್ತಾನೆ. ಬೋಧನೆ ಮುಗಿದ ಮೇಲೆ ಸಭೆಯ ಕ್ರೈಸ್ತರೇ ಬಂದು ಆಕ್ಷೇಪಿಸಿದರು. ಅನ್ಯಮತದವರು ಕೇಳಿದ್ದರೆ ನಮ್ಮದು ಕೀಳು ಜಾತಿಯವರ ಮತವೆಂದು ತೀರ್ಮಾನಿಸಿಬಿಡುತ್ತಿದ್ದರು, ಇನ್ನು ಮುಂದೆ ಕರುವಿನ ಬದಲು ಕುರಿಮರಿ ಎನ್ನಿ ಎಂಬುದು ಅವರ ಸಲಹೆ. ದೇವರು ತಂದೆಯಂತೆ ಕ್ಷಮಿಸುತ್ತಾನೆಂಬ ಕಥೆಯ ತಿರುಳು ಯಾರಿಗೂ ಕಷ್ಟವಾಗಲಿಲ್ಲ, ಕಷ್ಟವಾದದ್ದು ಅಡುಗೆ. ಜಾತಿಯ ಏಣಿಯಲ್ಲಿ ತಮ್ಮ ಮೆಟ್ಟಿಲು ಉಳಿಸಿಕೊಳ್ಳುವ ಆತಂಕ ಮತ ಬದಲಾದರೂ ಬದಲಾಗಿರಲಿಲ್ಲ.

ಇಂಥ ಅನುಭವಗಳ ಬಳಿಕ ದುಬಾಯ್ 1823ರಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಭಾರತದ ಕ್ರೈಸ್ತಮತದ ಸ್ಥಿತಿಗತಿ ಕುರಿತ ಪತ್ರಗಳ ಸಂಗ್ರಹ ಅದು. ಹಿಂದೂಗಳನ್ನು ಕ್ರೈಸ್ತಮತಕ್ಕೆ ತರುವುದು ಅಸಾಧ್ಯ, ಸಿದ್ಧತೆಯಿಲ್ಲದ ಜನರ ಕೈಗೆ ಬೈಬಲ್ ಅನುವಾದಗಳನ್ನು ಹಂಚುವುದರಿಂದ ಹಾನಿಯೇ ಹೆಚ್ಚು ಎಂಬುದು ಆತನ ವಾದ. ಇಪ್ಪತ್ತೈದು ವರ್ಷದಲ್ಲಿ ತಾನು ಮತಾಂತರಿಸಿದ್ದು ಇನ್ನೂರು ಮುನ್ನೂರು ಮಂದಿಯನ್ನು, ಅವರಲ್ಲೂ ಹಲವರು ಮದುವೆ ಸಂಬಂಧದಂಥ ಲಾಭಕ್ಕಾಗಿ ಬಂದವರು ಎಂದು ಒಪ್ಪಿಕೊಂಡ. ಪಾದ್ರಿಯೊಬ್ಬ ತನ್ನ ಜೀವಮಾನದ ಕೆಲಸದ ಬಗ್ಗೆ ಇಷ್ಟು ಬಿಚ್ಚಿ ಹೇಳುವುದು ಅಪರೂಪ.

ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ಮಿಷನ್‌ಗಳು ಕೆರಳಿದವು. ಮದರಾಸು ಪ್ರಾಂತದಲ್ಲಿ ಪಾದ್ರಿಯಾಗಿದ್ದ ಜೇಮ್ಸ್ ಹಫ್, ಬಂಗಾಳದಲ್ಲಿದ್ದ ಹೆನ್ರಿ ಟೌನ್ಲಿ ಇಬ್ಬರೂ 1824ರಲ್ಲಿ ಉತ್ತರ ರೂಪದ ಪುಸ್ತಕಗಳನ್ನೇ ಹೊರತಂದರು. ದೇಶೀಯರ ಪ್ರಶ್ನೆಗಳಿಗೆ ಬದುಕೆಲ್ಲ ಉತ್ತರ ಹುಡುಕಿದ್ದ ವ್ಯಕ್ತಿ ಈಗ ಸ್ವಧರ್ಮದವರಿಗೇ ಉತ್ತರಿಸಬೇಕಾಗಿ ಬಂತು.

ಅಷ್ಟರಲ್ಲಿ ದುಬಾಯ್ ಭಾರತ ಬಿಟ್ಟಾಗಿತ್ತು. 1823ರ ಜನವರಿ 15ರಂದು ಹೊರಟ ಆತ ಮರಳಿ ಬರಲಿಲ್ಲ. ಪ್ಯಾರಿಸ್ಸಿನಲ್ಲಿ ಮಿಷನ್ ಸಂಸ್ಥೆಯ ಮುಖ್ಯಸ್ಥನಾಗಿದ್ದು 1848ರಲ್ಲಿ ತೀರಿಕೊಂಡ. ಮತಾಂತರ ಅಸಾಧ್ಯವೆಂದು ಬರೆದ ಆ ದೊಡ್ಡಸ್ವಾಮಿಯೇ ಕ್ರೈಸ್ತರನ್ನು ನೆಲೆಗೊಳಿಸಿ, ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಓಡಾಡಿದ ಹಾಸನ ಬಳಿಯ ಸಾಥಹಳ್ಳಿಯಲ್ಲಿ ಇಂದಿಗೂ ಕ್ರೈಸ್ತರಿದ್ದಾರೆ.