ಪರದೆಯ ಹಿಂದಿನ ಸ್ಪೀಕರ್: ಧ್ವನಿಯ ಗುಣಮಟ್ಟ ಅಳೆಯುವ ವಿಧಾನಗಳು ಬೆಳೆದ ಬಗೆ

ಮನೆಯಲ್ಲಿ ಸಂಗೀತ ಕೇಳಲು ಬಳಸುವ ಸ್ಪೀಕರ್, ಆಂಪ್ಲಿಫೈಯರ್ ಮುಂತಾದ ಸಾಧನಗಳ ಗುಣಮಟ್ಟವನ್ನು ಮಾಪಕದ ಮುಳ್ಳಿನಿಂದ ನಿರ್ಣಯಿಸಬೇಕೋ ಕೇಳುವ ಕಿವಿಯಿಂದಲೋ ಎಂಬ ವಿವಾದಕ್ಕೆ ಸುಮಾರು ನೂರು ವರ್ಷಗಳ ವಯಸ್ಸಾಗಿದೆ. ಇದನ್ನು ಎರಡು ಪಂಗಡಗಳ ಜಗಳವೆಂದು ಬಣ್ಣಿಸುವುದು ವಾಡಿಕೆಯಾದರೂ, ಕ್ಷೇತ್ರ ನಿಜವಾಗಿ ಮುಂದೆ ಸಾಗಿದ್ದು ಕಿವಿಯನ್ನೇ ಒಂದು ಮಾಪಕವಾಗಿ ಪಳಗಿಸಿ, ಅದರ ತೀರ್ಪಿಗೆ ಕಣ್ಣು, ಬೆಲೆ, ಹೆಸರುಗಳ ಸೋಂಕು ತಗುಲದಂತೆ ನೋಡಿಕೊಳ್ಳುವ ವಿಧಾನಗಳು ಕೈಗೆ ಬಂದಾಗ.

ಮೊದಮೊದಲಿನ ಪರೀಕ್ಷೆಗಳು ಪರೀಕ್ಷೆಗಿಂತ ಹೆಚ್ಚಾಗಿ ಪ್ರಚಾರವೇ ಆಗಿದ್ದವು. 1915ರಿಂದ ಸುಮಾರು ಹತ್ತು ವರ್ಷ ಅಮೆರಿಕದ ಊರೂರುಗಳಲ್ಲಿ ಎಡಿಸನ್ ಕಂಪನಿ ನಡೆಸಿದ ಪ್ರದರ್ಶನಗಳಲ್ಲಿ ಗಾಯಕರು ಫೋನೋಗ್ರಾಫಿನ ಪಕ್ಕದಲ್ಲಿ ನಿಂತು ಅದರೊಡನೆ ಹಾಡುತ್ತ ನಡುವೆ ಬಾಯಿ ಮುಚ್ಚುತ್ತಿದ್ದರು; ಕತ್ತಲಲ್ಲಿ ಕುಳಿತ ಸಭಿಕರು ಯಾವುದು ಮನುಷ್ಯನ ದನಿ, ಯಾವುದು ಯಂತ್ರದ್ದು ಎಂದು ಹೇಳಬೇಕಿತ್ತು, ಮತ್ತು ಬಹುಮಂದಿ ಸೋಲೊಪ್ಪಿದರೆಂದು ಕಂಪನಿಯ ಜಾಹೀರಾತುಗಳು ಸಾರುತ್ತಿದ್ದವು. ಇಂದಿನ ಕಿವಿಗೆ ಆ ಧ್ವನಿಮುದ್ರಿಕೆಗಳು ಕಿರಿದಾದ ಕೊಳವೆಯೊಳಗಿಂದ ಬಂದಂತೆ ಕೇಳಿಸುತ್ತವೆ. ಆ ಪ್ರದರ್ಶನಗಳಲ್ಲಿ ಹಾಡಿದ ಆನಾ ಕೇಸ್ ಎಂಬ ಗಾಯಕಿ ಬಹುಕಾಲದ ನಂತರ, ತಾವು ಯಂತ್ರದ ದನಿಗೆ ಹೊಂದುವಂತೆ ತಮ್ಮ ದನಿಯನ್ನೇ ಅಳವಡಿಸಿಕೊಳ್ಳುತ್ತಿದ್ದುದಾಗಿ ತಿಳಿಸಿದ್ದರಿಂದ ಒಗಟು ಅರ್ಧ ಬಿಡಿಸಿದಂತಾಯಿತು: ಅಲ್ಲಿ ಯಂತ್ರ ಗಾಯಕಿಯನ್ನು ಅನುಕರಿಸುತ್ತಿರಲಿಲ್ಲ, ಗಾಯಕಿಯೇ ಯಂತ್ರವನ್ನು ಅನುಕರಿಸುತ್ತಿದ್ದರು.

1925ರ ಹೊತ್ತಿಗೆ ಮೈಕ್ರೋಫೋನು ಮತ್ತು ವಿದ್ಯುತ್ ವರ್ಧನೆಯನ್ನು ಆಧರಿಸಿದ ಧ್ವನಿಮುದ್ರಣ ಬಂದಿತು. ಅದೇ ವರ್ಷ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರುಗಳು ಕಾಂತಕ್ಷೇತ್ರದಲ್ಲಿ ಚಲಿಸುವ ತಂತಿಸುರುಳಿಯಿಂದ ಕಾಗದದ ಶಂಕುವನ್ನು ಅಲುಗಾಡಿಸುವ ಸ್ಪೀಕರನ್ನು ವಿವರಿಸಿದರು. ಇಂದಿಗೂ ಹೆಚ್ಚಿನ ಮನೆಗಳಲ್ಲಿರುವುದು ಅದರ ಸಂತತಿಯೇ. ಧ್ವನಿ ವಿದ್ಯುತ್ತಾದ ಮೇಲೆ ಅದನ್ನು ಅಳೆಯುವುದು ಸುಲಭವಾಯಿತು, ಆದರೆ ಅಳತೆಗೂ ಅನುಭವಕ್ಕೂ ನಡುವಿನ ಅಂತರವೂ ಬಯಲಿಗೆ ಬಂತು. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ವಕ್ರರೇಖೆಗಳ ಪ್ರಕಾರ, ಶಬ್ದ ಮೆಲ್ಲಗಿದ್ದಾಗ ಕಿವಿಗೆ ತಗ್ಗಿನ ಸ್ವರಗಳು ಬಹಳ ಕ್ಷೀಣವಾಗಿ ಕೇಳಿಸುತ್ತವೆ, ಶಬ್ದ ಏರಿದಂತೆ ಈ ಕೊರತೆ ಕಡಿಮೆಯಾಗುತ್ತದೆ. ಇದರಿಂದ ಹೊರಡುವ ಪಾಠ ಅಂಗಡಿಗಳಲ್ಲಿ ಇಂದಿಗೂ ಮರೆಯಾಗಿಯೇ ಇದೆ: ಎರಡು ಸಾಧನಗಳಲ್ಲಿ ಒಂದನ್ನು ತುಸು ಜೋರಾಗಿ ನುಡಿಸಿದರೆ, ಅದರ ಧ್ವನಿ ತುಂಬಿದಂತೆ, ಸ್ಪಷ್ಟವಾದಂತೆ ತೋರಿ ಅದೇ ಗೆಲ್ಲುತ್ತದೆ. ಜೋರು ಹೆಚ್ಚಿದೆ ಎಂದು ಕೇಳುಗನಿಗೆ ಅನ್ನಿಸುವುದೇ ಇಲ್ಲ. ಗುಣ ಹೆಚ್ಚಿದೆ ಎಂದಷ್ಟೇ ಅನ್ನಿಸುತ್ತದೆ.

ಈ ಕ್ಷೇತ್ರದ ಅತ್ಯಂತ ಬೋಧಪ್ರದ ಪ್ರಸಂಗ ನಡೆದದ್ದು 1940ರ ದಶಕದಲ್ಲಿ. ಚಿನ್ ಮತ್ತು ಐಸೆನ್‌ಬರ್ಗ್ ಎಂಬ ಸಂಶೋಧಕರು 1945ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ರೇಡಿಯೊ ಕೇಳುಗರು ಮೇಲಿನ ಮತ್ತು ಕೆಳಗಿನ ಸ್ವರಗಳನ್ನು ಕತ್ತರಿಸಿದ ಕಿರುವ್ಯಾಪ್ತಿಯ ಧ್ವನಿಯನ್ನೇ ಮೆಚ್ಚಿ, ಪೂರ್ಣವ್ಯಾಪ್ತಿಯ ಧ್ವನಿಯನ್ನು ನಿರಾಕರಿಸಿದರು. ಜನಕ್ಕೆ ಒಳ್ಳೆಯ ಧ್ವನಿ ಬೇಕಿಲ್ಲ, ಅವರ ಕಿವಿ ಅಗ್ಗದ ರೇಡಿಯೊಗೆ ಒಗ್ಗಿಹೋಗಿದೆ ಎಂಬ ತೀರ್ಮಾನ ಇದರಿಂದ ಸುಲಭವಾಗಿ ಹೊರಡುತ್ತಿತ್ತು. ಆರ್‌ಸಿಎ ಸಂಸ್ಥೆಯ ಹ್ಯಾರಿ ಓಲ್ಸನ್ ಈ ತೀರ್ಮಾನವನ್ನು ಒಪ್ಪದೆ ಯಂತ್ರವನ್ನೇ ಪ್ರಯೋಗದಿಂದ ತೆಗೆದುಹಾಕಿದರು. ಅವರು ಬೆಳಕನ್ನು ತಡೆದು ಧ್ವನಿಯನ್ನು ಬಿಡುವ ಪರದೆಯ ಹಿಂದೆ ಒಂದು ಪುಟ್ಟ ವಾದ್ಯವೃಂದವನ್ನು ಕೂರಿಸಿ, ವಾದ್ಯಗಳಿಗೂ ಕೇಳುಗರಿಗೂ ನಡುವೆ 5,000 ಹರ್ಟ್ಸ್, ಅಂದರೆ ಸೆಕೆಂಡಿಗೆ 5,000 ಕಂಪನಗಳಿಗಿಂತ ಮೇಲಿನ ಧ್ವನಿಯನ್ನು ತಡೆಯುವ ಹಲಗೆಗಳನ್ನು ನಿಲ್ಲಿಸಿ, ಅವುಗಳನ್ನು ಬಾಗಿಲಿನಂತೆ ತೆರೆಯುತ್ತ ಮುಚ್ಚುತ್ತ ಕೇಳುಗರ ಅಭಿಪ್ರಾಯ ಪಡೆದರು. 1947ರಲ್ಲಿ ಹೊರಬಂದ ಫಲಿತಾಂಶ ಹಿಂದಿನದಕ್ಕೆ ತದ್ವಿರುದ್ಧವಾಗಿತ್ತು. ಕೇಳುಗರಲ್ಲಿ ಸುಮಾರು ಮೂರನೇ ಎರಡು ಭಾಗ ಪೂರ್ಣವ್ಯಾಪ್ತಿಯನ್ನೇ ಆಯ್ದಿತ್ತು. ಹಾಗಾದರೆ ಮೊದಲಿನ ಪ್ರಯೋಗದ ಕೇಳುಗರು ತಿರಸ್ಕರಿಸಿದ್ದು ಮೇಲಿನ ಸ್ವರಗಳನ್ನಲ್ಲ, ಅಂದಿನ ಸಲಕರಣೆ ಆ ಸ್ವರಗಳೊಂದಿಗೆ ಬೆರೆಸುತ್ತಿದ್ದ ವಿಕೃತಿಯನ್ನು ಎಂದಾಯಿತು. ಕೇಳುಗನ ತೀರ್ಪು ಸರಿಯಾಗಿಯೇ ಇದ್ದು, ಅದಕ್ಕೆ ವಿದ್ವಾಂಸರು ಹೇಳಿದ ಕಾರಣ ತಪ್ಪಾಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1950 ಮತ್ತು 60ರ ದಶಕಗಳಲ್ಲಿ ಎಡಿಸನ್ ಮಾದರಿಯ ಪ್ರದರ್ಶನಗಳು ಇನ್ನಷ್ಟು ಪ್ರಾಮಾಣಿಕ ರೂಪದಲ್ಲಿ ಮರಳಿದವು. 1954ರಲ್ಲಿ ಸ್ಪೀಕರ್ ತಯಾರಕ ಗಿಲ್ಬರ್ಟ್ ಬ್ರಿಗ್ಸ್ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಜೀವಂತ ಸಂಗೀತವನ್ನೂ ಮುದ್ರಿತ ಸಂಗೀತವನ್ನೂ ಒಂದರ ಬಳಿಕ ಒಂದು ಕೇಳಿಸಿದರು. ಅದೇ ಕಾಲಕ್ಕೆ ಅಂಕಿಗಳ ಆಳ್ವಿಕೆಯೂ ಶುರುವಾಗಿ, ಜರ್ಮನಿಯಲ್ಲಿ ಡಿನ್ 45500 ಎಂಬ ಮಾನದಂಡ ‘ಹೈಫೈ’ ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ಅರ್ಹತೆಗಳನ್ನು ಗೊತ್ತುಮಾಡಿತು. ಆಂಪ್ಲಿಫೈಯರ್ ಮೂಲದಲ್ಲಿಲ್ಲದ ಗುಣಿತ ಸ್ವರಗಳನ್ನು ಎಷ್ಟು ಪ್ರಮಾಣದಲ್ಲಿ ಸೇರಿಸುತ್ತದೆ ಎಂಬುದನ್ನು ಶೇಕಡಾವಾರು ಹೇಳುವ ‘ಒಟ್ಟು ಹಾರ್ಮೋನಿಕ್ ವಿಕೃತಿ’ ಎಂಬ ಅಂಕಿ 1970ರ ದಶಕದಲ್ಲಿ ಪೈಪೋಟಿಯ ಸರಕಾಗಿ, ದಶಮಾಂಶ ಬಿಂದುವಿನ ಬಲಕ್ಕೆ ಸೊನ್ನೆಗಳು ಬೆಳೆಯುತ್ತ ಹೋದವು. ಆದರೆ ಈ ಒಂಟಿ ಅಂಕಿ ಸೇರಿದ ಸ್ವರ ಯಾವುದೆಂದು ಹೇಳುವುದಿಲ್ಲ. ಮೂಲಸ್ವರದ ಎರಡರಷ್ಟು ಕಂಪನದ ಸ್ವರ ಸಂಗೀತದೊಳಗೇ ಅಡಗಿಹೋದರೆ, ಏಳು, ಒಂಬತ್ತರಷ್ಟು ಕಂಪನದವು ಅಲ್ಪ ಪ್ರಮಾಣದಲ್ಲಿದ್ದರೂ ಕಿವಿಗೆ ಕರಕರೆಯಾಗುತ್ತವೆ. ಫಿನ್ಲೆಂಡಿನ ಮಟ್ಟಿ ಓಟಲ 1970ರಲ್ಲಿ, ನಿಶ್ಚಲ ಸ್ವರದ ಮೇಲೆ ಮಾಡಿದ ಅಳತೆ ಸಂಗೀತದಲ್ಲಿನ ಥಟ್ಟನೆಯ ಏರಿಳಿತಗಳಿಗೆ ಅನ್ವಯಿಸದಿರಬಹುದೆಂದು ತೋರಿಸಿಕೊಟ್ಟರು. ಅಂಕಿಗಳ ಮೇಲಿನ ಇಂಥ ಅಪನಂಬಿಕೆಯೇ, ಅದಕ್ಕೂ ಮೊದಲೇ ಜೆ. ಗಾರ್ಡನ್ ಹೋಲ್ಟ್ 1962ರಲ್ಲಿ ಆರಂಭಿಸಿದ ‘ಸ್ಟೀರಿಯೊಫೈಲ್’ ಪತ್ರಿಕೆಗೂ ಅದರ ಹಾದಿಯಲ್ಲಿ ಬಂದವುಗಳಿಗೂ ನೆಲೆಯಾಯಿತು. ಧ್ವನಿಯನ್ನು ವರ್ಣಿಸುವ ಒಂದು ನುಡಿಗಟ್ಟನ್ನು ಈ ವಿಮರ್ಶಕರು ಕಟ್ಟಿಕೊಟ್ಟದ್ದು ನಿಜವಾದ ಕೊಡುಗೆ. ಯಾವ ಸಾಧನ ನುಡಿಯುತ್ತಿದೆ, ಅದರ ಬೆಲೆಯೆಷ್ಟು ಎಂಬುದನ್ನು ಬಲ್ಲವನಾಗಿಯೇ ಕೇಳಿ ತೀರ್ಪು ಕೊಡುವ ಪದ್ಧತಿಯನ್ನು ಬೆಳೆಸಿದ್ದು ಅಷ್ಟೇ ನಿಜವಾದ ಹಾನಿ.

ಇದಕ್ಕೆ ಉತ್ತರವಾಗಿ ಬಂದದ್ದು ಎಬಿಎಕ್ಸ್ ಎಂಬ ಮರೆಪರೀಕ್ಷೆ. ಇದರ ಬೀಜ ಬೆಲ್ ಪ್ರಯೋಗಾಲಯದಲ್ಲಿ 1950ರಲ್ಲೇ ಇದ್ದರೂ, ಮನೆಯ ಆಡಿಯೊ ಸಾಧನಗಳಿಗೆ ಅದನ್ನು ಹೊಂದಿಸಿ ಪ್ರಸಿದ್ಧಿಗೆ ತಂದವರಲ್ಲಿ ಡೇವಿಡ್ ಕ್ಲಾರ್ಕ್ ಮುಖ್ಯರು. ಅವರ ಪ್ರಬಂಧ ಪ್ರಕಟವಾದದ್ದು 1982ರಲ್ಲಿ. ಕೇಳುಗನಿಗೆ ಎ ಮತ್ತು ಬಿ ಎಂಬ ಎರಡು ಸಾಧನಗಳ ಗುರುತಿರುತ್ತದೆ, ಎಕ್ಸ್ ಎಂಬುದು ಅವೆರಡರಲ್ಲಿ ಯಾವುದೋ ಒಂದು, ಅದು ಯಾವುದೆಂದು ಕಿವಿಯಿಂದಷ್ಟೇ ಹೇಳಬೇಕು. 16 ಸರದಿಗಳಲ್ಲಿ 12 ಸರಿಯಾದರೆ ಅದು ಬರಿಯ ಊಹೆಯಿಂದ ಒದಗುವ ಸಂಭವ ನೂರರಲ್ಲಿ ನಾಲ್ಕಕ್ಕಿಂತ ಕಡಿಮೆಯಾದ್ದರಿಂದ, ವ್ಯತ್ಯಾಸ ನಿಜವಾಗಿ ಕೇಳಿಸಿತೆಂದು ಒಪ್ಪಲಾಗುತ್ತದೆ. ಎರಡೂ ಸಾಧನಗಳ ಮಟ್ಟವನ್ನು ಒಂದು ಡೆಸಿಬೆಲ್ಲಿನ ಹತ್ತನೇ ಒಂದೆರಡು ಭಾಗದೊಳಗೆ ಸರಿಗಟ್ಟುವುದು ಇಲ್ಲಿ ಕಡ್ಡಾಯ. ಕ್ಲಾರ್ಕ್ ಅವರ ಪ್ರಬಂಧಕ್ಕೂ ಮೊದಲೇ, 1978ರಲ್ಲಿ ಇಂಗ್ಲೆಂಡಿನಲ್ಲಿ ಕ್ವಾಡ್ ಕಂಪನಿಯ ಒಂದು ವಾಲ್ವ್ (ನಿರ್ವಾತ ನಳಿಕೆ) ಆಂಪ್ಲಿಫೈಯರನ್ನೂ ಎರಡು ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳನ್ನೂ ಮರೆಯಲ್ಲಿಟ್ಟು ಕೇಳಿಸಿದಾಗ, ಅನುಭವಿ ಕೇಳುಗರ ಗುಂಪಿಗೆ ಅವುಗಳನ್ನು ಬೇರ್ಪಡಿಸಲಾಗಲಿಲ್ಲ.

ಸ್ಪೀಕರುಗಳ ಕಥೆ ಬೇರೆ, ಏಕೆಂದರೆ ಅವುಗಳ ನಡುವಿನ ವ್ಯತ್ಯಾಸ ಯಾರಿಗಾದರೂ ಕೇಳಿಸುತ್ತದೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಯಾವುದು ಮೇಲು ಎಂಬುದು. ಕೆನಡಾದ ಒಟ್ಟಾವದಲ್ಲಿರುವ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ನಡೆಸಿ 1985 ಮತ್ತು 1986ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇದಕ್ಕೆ ಗಟ್ಟಿಯಾದ ತಳಹದಿ ಹಾಕಿದವು. ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು ಮಟ್ಟ ಸರಿಗಟ್ಟಿದಾಗ, ಅಭಿರುಚಿ ಒಬ್ಬೊಬ್ಬರಿಗೆ ಒಂದೊಂದು ಎಂಬ ನಂಬಿಕೆಗೆ ವಿರುದ್ಧವಾಗಿ, ಕಿವಿ ಸರಿಯಾಗಿದ್ದವರ ತೀರ್ಪುಗಳು ಬಹುಮಟ್ಟಿಗೆ ಒಂದಾದವು. ಗೆದ್ದವು ಎದುರಿಗೆ ಎಲ್ಲ ಸ್ವರಗಳನ್ನೂ ಸಮನಾಗಿ ಹೊಮ್ಮಿಸಿ, ಅಕ್ಕಪಕ್ಕಗಳಿಗೂ ಅದೇ ಸಮತೆಯಿಂದ ಧ್ವನಿ ಹರಡುವ ಸ್ಪೀಕರುಗಳು. ಎರಡರ ಬದಲು ಒಂದೇ ಸ್ಪೀಕರನ್ನು ನುಡಿಸಿದಾಗ ದೋಷ ಬೇಗ ಸಿಕ್ಕಿಬೀಳುತ್ತದೆ ಎಂಬುದೂ ಇಲ್ಲಿಯೇ ಗೊತ್ತಾಯಿತು. ಟೂಲ್ ಮುಂದೆ ಸ್ಪೀಕರ್ ತಯಾರಿಸುವ ಹರ್ಮನ್ ಸಂಸ್ಥೆಗೆ ಹೋಗಿ ಷಾನ್ ಆಲಿವ್ ಅವರೊಡನೆ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆ ಸಂಸ್ಥೆಯ ನೌಕರರೇ ಕೇಳುಗರು. ಪರದೆ ಇದ್ದಾಗ ಚೆನ್ನಾಗಿ ಅಂಕ ಪಡೆದಿದ್ದ ಪುಟ್ಟ ಅಗ್ಗದ ಸ್ಪೀಕರ್ ಪರದೆ ಸರಿದೊಡನೆ ಕೆಳಗಿಳಿದು, ದೊಡ್ಡ ದುಬಾರಿ ಸ್ಪೀಕರುಗಳು ಮೇಲೇರಿದವು. 2003ರಲ್ಲಿ ಆಲಿವ್ 268 ಕೇಳುಗರ ತೀರ್ಪುಗಳನ್ನು ಹೋಲಿಸಿದಾಗ ತರಬೇತಿ ಪಡೆದವರೂ ಪಡೆಯದವರೂ ಒಂದೇ ಕ್ರಮದಲ್ಲಿ ಸ್ಪೀಕರುಗಳನ್ನು ಮೆಚ್ಚಿದ್ದರು. ತರಬೇತಾದವರು ಅಂಕ ಕೊಡುವುದರಲ್ಲಿ ಜಿಪುಣರಾಗಿದ್ದರು, ಅಷ್ಟೆ. ಮರುವರ್ಷ ಅವರು, ಪ್ರತಿಧ್ವನಿಯಿಲ್ಲದ ಕೊಠಡಿಯಲ್ಲಿ ಸುತ್ತಲಿಂದ ಮಾಡಿದ ಅಳತೆಗಳಿಂದಲೇ ಕೇಳುಗರ ಮೆಚ್ಚುಗೆಯನ್ನು ಮುಂಗಾಣುವ ಸೂತ್ರವೊಂದನ್ನು ಕೊಟ್ಟರು. 70 ಸ್ಪೀಕರುಗಳಲ್ಲಿ ಲೆಕ್ಕಕ್ಕೂ ತೀರ್ಪಿಗೂ 0.86ರಷ್ಟು ಸಹಸಂಬಂಧ ಕಂಡುಬಂತು. ಮಾಪಕ ಮತ್ತು ಕಿವಿ ಬಹಳ ಹತ್ತಿರ ಬಂದಿದ್ದವು.

ಡಿಜಿಟಲ್ ಯುಗದ ವಿವಾದಗಳನ್ನು ಚಿಕ್ಕದಾಗಿ ಹೇಳಬಹುದು. 1982ರಲ್ಲಿ ಬಂದ ಸಿಡಿ ಸೆಕೆಂಡಿಗೆ 44,100 ಮಾದರಿಗಳನ್ನು 16 ಬಿಟ್‌ಗಳಲ್ಲಿ ದಾಖಲಿಸುತ್ತದೆ. ಅದಕ್ಕಿಂತ ಸೂಕ್ಷ್ಮವಾದ ದಾಖಲೆಗಳು ಕೇಳಲು ಉತ್ತಮವೇ ಎಂದು ಮೇಯರ್ ಮತ್ತು ಮೊರಾನ್ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದಾಗ, 554 ಸರದಿಗಳಲ್ಲಿ 276 ಮಾತ್ರ ಸರಿಯಾಗಿದ್ದವು, ಅಂದರೆ ನಾಣ್ಯ ಚಿಮ್ಮಿದಷ್ಟೇ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ಜೋಶುವಾ ರೀಸ್ ಅವರ 2016ರ ವಿಶ್ಲೇಷಣೆಯಲ್ಲಿ ಚಿಕ್ಕದಾದರೂ ನಿಜವೆನ್ನಬಹುದಾದ ವ್ಯತ್ಯಾಸ ಕಂಡಿದ್ದು, ಅದು ತರಬೇತಾದ ಕೇಳುಗರಲ್ಲಿ ಹೆಚ್ಚಾಗಿತ್ತು.

ಇಷ್ಟೆಲ್ಲ ಪ್ರಯೋಗಗಳಲ್ಲಿ ಬಳಕೆಯಾದದ್ದು ಬಹುತೇಕ ಪಾಶ್ಚಾತ್ಯ ಸಂಗೀತ. ಕರ್ನಾಟಕ ಸಂಗೀತ ಕೇಳುವ ಮನೆಗೆ ಬೇರೆ ಪರೀಕ್ಷಾ ಸಾಮಗ್ರಿ ಕೈಯಳತೆಯಲ್ಲೇ ಇದೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ದಾರದ ಎಳೆಯಿಂದ ಮೇಲಿನ ಗುಣಿತ ಸ್ವರಗಳು ಅರಳುತ್ತವೆ. ಸ್ಪೀಕರಿನ ಮೇಲ್ಸ್ವರಗಳಲ್ಲಿ ಏರುತಗ್ಗುಗಳಿದ್ದರೆ ಆ ಝೇಂಕಾರ ಒಂದೋ ಮಂಕಾಗುತ್ತದೆ, ಇಲ್ಲವೇ ತಗಡಿನಂತಾಗುತ್ತದೆ. ಮೃದಂಗದ ಬಲಬದಿಯ ಕಪ್ಪು ಕರಣೆ ಅದರ ಗುಣಿತ ಸ್ವರಗಳನ್ನು ಶ್ರುತಿಬದ್ಧಗೊಳಿಸುವ ಬಗೆಯನ್ನು ಸಿ. ವಿ. ರಾಮನ್ 1920ರಲ್ಲಿಯೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ 1934ರಲ್ಲಿಯೂ ವಿವರಿಸಿದ್ದಾರೆ. ಒಳ್ಳೆಯ ಸ್ಪೀಕರಿನಲ್ಲಿ ಬಲಗೈ ಪೆಟ್ಟಿನ ಶ್ರುತಿ ಗುರುತು ಹಿಡಿಯುವಷ್ಟು ಸ್ಪಷ್ಟವಾಗಿರಬೇಕು. ಎಡಬದಿಯ ಗುಮ್ಕಿ, ಅಂದರೆ ಜಾರುವ ತಗ್ಗಿನ ನಾದ, ಮಾತ್ರ ಸ್ಪೀಕರಿಗಿಂತ ಕೋಣೆಯನ್ನು ಹೆಚ್ಚು ಪರೀಕ್ಷಿಸುತ್ತದೆ, ಏಕೆಂದರೆ ಸುಮಾರು 200ರಿಂದ 300 ಹರ್ಟ್ಸ್‌ಗಿಂತ ಕೆಳಗೆ ಧ್ವನಿಯನ್ನು ಆಳುವುದು ಗೋಡೆಗಳೇ. 12 ಅಡಿ ಉದ್ದದ ಕೋಣೆಯಲ್ಲಿ 47 ಹರ್ಟ್ಸ್ ಆಸುಪಾಸಿನಲ್ಲೂ ಅದರ ಎರಡರಷ್ಟರಲ್ಲೂ ಅನುರಣನ ಉಬ್ಬುತ್ತದೆ. ಟೈಲ್ಸ್ ನೆಲದ, ಬೋಳುಗೋಡೆಯ ಕೋಣೆಯ ಮೂಲೆಗೆ ತಳ್ಳಿದ ಸ್ಪೀಕರಿನಲ್ಲಿ ಗುಮ್ಕಿಯ ಜಾರು ಕಳೆದುಹೋಗಿ ಬರಿಯ ಗುಂ ಎಂಬ ಸದ್ದು ಉಳಿದರೆ, ಬೇರೆ ಸ್ಪೀಕರ್ ಕೊಳ್ಳುವ ಮೊದಲು ಇರುವುದನ್ನೇ ಗೋಡೆಯಿಂದ ಎರಡು ಅಡಿ ಈಚೆಗೆ ಎಳೆದು ಮತ್ತೆ ಕೇಳುವುದು ಲೇಸು.