ಬಾರಕೂರು: ಕೇರಿ, ಶಾಸನ ಮತ್ತು ಐತಿಹ್ಯ

ಉಡುಪಿ ಜಿಲ್ಲೆಯ ಬ್ರಹ್ಮಾವರ ತಾಲೂಕಿನಲ್ಲಿ, ಸೀತಾನದಿಯ ದಡದಲ್ಲಿರುವ ಬಾರಕೂರು ಇಂದು ತೆಂಗು, ಅಡಿಕೆ, ಗದ್ದೆಗಳ ನಡುವಿನ ಒಂದು ಚಿಕ್ಕ ಊರು. ಹೆದ್ದಾರಿಯಿಂದ ಒಳಸರಿದು ಬರುವ ಪ್ರವಾಸಿಗೆ ಕತ್ತಲೆ ಬಸದಿಯನ್ನು, ಕೋಟೆಯ ಅವಶೇಷಗಳನ್ನು, ಎರಡು ಮೂರು ದೇವಾಲಯಗಳನ್ನು ತೋರಿಸಿ, ವರ್ಷದ ದಿನಕ್ಕೊಂದರಂತೆ ಇಲ್ಲಿ 365 ದೇವಾಲಯಗಳಿದ್ದವೆಂಬ ಹೇಳಿಕೆಯನ್ನು ಕೇಳಿಸುವುದು ವಾಡಿಕೆ. ಅರ್ಧ ದಿನದಲ್ಲಿ ಮುಗಿಯುವ ಈ ನೋಟದಲ್ಲಿ ಬಾರಕೂರು ಬಿಡಿ ಕಟ್ಟಡಗಳ ಒಂದು ಪಟ್ಟಿಯಾಗಿ ಮಾತ್ರ ಕಾಣುತ್ತದೆ. ಆದರೆ ಈ ಊರಿನ ಇತಿಹಾಸವನ್ನು ಹಿಡಿದಿಟ್ಟುಕೊಂಡಿರುವುದು ಕಟ್ಟಡಗಳಿಗಿಂತ ಹೆಚ್ಚಾಗಿ ಅದರ ಕೇರಿಗಳು ಮತ್ತು ಅದರ ಐತಿಹ್ಯ. ಶಾಸನಗಳೊಡನೆ ಇವೆರಡನ್ನೂ ಇಟ್ಟು ನೋಡಿದಾಗಲೇ ಪಟ್ಟಣದ ಪೂರ್ಣ ಚಿತ್ರ ದೊರೆಯುತ್ತದೆ.

ಮಂಗಳೂರು, ಉದ್ಯಾವರಗಳ ಬಳಿಕ ಬಾರಕೂರು ಆಳುಪರ ರಾಜಧಾನಿಯಾಯಿತು. ಶಾಸನಗಳು ಇದನ್ನು ಬಾರಕನ್ಯಾಪುರವೆಂದೂ ಕರೆದಿವೆ. ಹದಿನಾಲ್ಕನೆಯ ಶತಮಾನದಲ್ಲಿ ಹೊಯ್ಸಳ ಮೂರನೆಯ ಬಲ್ಲಾಳನು ಆಳುಪ ಮನೆತನದ ಚಿಕ್ಕಾಯಿ ತಾಯಿಯನ್ನು ವಿವಾಹವಾದನು. ಆಕೆ ‘ಪಟ್ಟದ ಪಿರಿಯರಸಿ’ ಎಂಬ ಗೌರವದೊಡನೆ ಇಲ್ಲಿಂದ ಆಡಳಿತ ನಡೆಸಿದಳು. ಮುಂದೆ ವಿಜಯನಗರದ ಅರಸರು ತುಳುನಾಡನ್ನು ಮಂಗಳೂರು ರಾಜ್ಯ, ಬಾರಕೂರು ರಾಜ್ಯಗಳೆಂದು ವಿಭಾಗಿಸಿ ತಮ್ಮ ಅಧಿಕಾರಿಗಳನ್ನು ನೇಮಿಸಿದರು. ಆ ಕಾಲದ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ಬಾರಕೂರ ಗದ್ಯಾಣ’ ಎಂಬ ನಾಣ್ಯದ ಹೆಸರು ಈ ಪಟ್ಟಣದ ಆರ್ಥಿಕ ಮಹತ್ವಕ್ಕೆ ಸಾಕ್ಷಿ.

ಸಂದರ್ಶಕನು ಮೊದಲು ಗಮನಿಸಬೇಕಾದುದು ಊರಿನ ವಿನ್ಯಾಸವನ್ನು. ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ, ಹೊಸಕೇರಿ, ಭಂಡಾರಕೇರಿ ಮೊದಲಾದ ಹೆಸರುಗಳು ಇಂದಿಗೂ ಜನರ ಬಾಯಲ್ಲಿವೆ. ಮೂಡುಕೇರಿಯಲ್ಲಿ ಸೋಮನಾಥೇಶ್ವರ, ಕೋಟೆಕೇರಿಯಲ್ಲಿ ಗಜಪೃಷ್ಠ ವಿನ್ಯಾಸದ ಪಂಚಲಿಂಗೇಶ್ವರ, ಚೌಳಿಕೇರಿಯಲ್ಲಿ ಗಣಪತಿ, ಮಣಿಗಾರಕೇರಿಯಲ್ಲಿ ಕತ್ತಲೆ ಬಸದಿ ಇವೆ. ಭಂಡಾರಕೇರಿಯ ಹೆಸರನ್ನು ಒಂದು ಮಾಧ್ವ ಮಠವೂ ಧರಿಸಿದೆ. ಪ್ರತಿಯೊಂದು ಕೇರಿಯೂ ತನ್ನದೇ ಆದ ದೇವಸ್ಥಾನವನ್ನು, ಹಿರಿಯರ ಕೂಟವನ್ನು ಹೊಂದಿದ್ದ ಒಂದು ಘಟಕವಾಗಿತ್ತು. ಶಾಸನಗಳಲ್ಲಿ ಕೇರಿಯ ಹಲರು ಭೂಮಿಯ ವ್ಯವಹಾರಕ್ಕೆ ಸಾಕ್ಷಿಗಳಾಗಿ, ದಾನದ ರಕ್ಷಕರಾಗಿ ಕಾಣಿಸಿಕೊಳ್ಳುತ್ತಾರೆ. 365 ದೇವಾಲಯಗಳೆಂಬ ಸಂಖ್ಯೆಯನ್ನು ಅಕ್ಷರಶಃ ಗ್ರಹಿಸಬೇಕಾಗಿಲ್ಲ. ಕೇರಿಗೊಂದು ದೇವಸ್ಥಾನ, ಸಮುದಾಯಕ್ಕೊಂದು ಆರಾಧನಾ ಸ್ಥಳ ಎಂಬ ದಟ್ಟವಾದ ನಗರ ವ್ಯವಸ್ಥೆಯ ನೆನಪನ್ನು ಜನಮನವು ವರ್ಷದ ದಿನಗಳ ಲೆಕ್ಕದಲ್ಲಿ ಹೇಳಿಕೊಂಡಿದೆ. ಅರಸುಮನೆಗಳು ಬದಲಾದರೂ, ಕೋಟೆ ಪಾಳುಬಿದ್ದರೂ ಕೇರಿಯ ಹೆಸರುಗಳು ಅಳಿಯದಿರುವುದಕ್ಕೆ ಕಾರಣ ಅವು ಅರಸರ ಕೊಡುಗೆಯಾಗಿರದೆ ನಿವಾಸಿಗಳ ಬಳಕೆಯಾಗಿದ್ದುದೇ ಆಗಿದೆ.

ಈ ಪಟ್ಟಣಕ್ಕೆ ಸಂಪತ್ತು ಬಂದುದು ನೀರಿನ ದಾರಿಯಿಂದ. ಸೀತಾ ಮತ್ತು ಸ್ವರ್ಣಾ ನದಿಗಳು ಕೋಡಿಬೆಂಗ್ರೆಯ ಬಳಿ ಸಮುದ್ರವನ್ನು ಸೇರುತ್ತವೆ. ಈ ಅಳಿವೆಯ ಮೂಲಕ ಹಡಗುಗಳು ಒಳನಾಡಿನ ಸರಕಿಗಾಗಿ ಬರುತ್ತಿದ್ದವು. 1342ರ ಸುಮಾರಿಗೆ ಈ ಕರಾವಳಿಯಲ್ಲಿ ಸಂಚರಿಸಿದ ಇಬ್ನ್ ಬತೂತನು ‘ಫಾಕನೂರ್’ ಎಂದು ಕರೆದಿರುವುದು ಬಾರಕೂರನ್ನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಳಿವೆಯ ಮೇಲಿನ ದೊಡ್ಡ ಪಟ್ಟಣ, ಹೇರಳವಾದ ಕಬ್ಬು, ಮುಸ್ಲಿಮರ ಒಂದು ಸಮುದಾಯ, ಜುಮಾ ಮಸೀದಿ ಇವುಗಳನ್ನು ಆತ ಉಲ್ಲೇಖಿಸುತ್ತಾನೆ. ಇಲ್ಲಿನ ಅರಸನಿಗೆ ಸುಮಾರು ಮೂವತ್ತು ಯುದ್ಧನೌಕೆಗಳಿದ್ದವು. ಅವುಗಳ ನಾಯಕನು ಮುಸ್ಲಿಮನಾಗಿದ್ದನು. ಹಾದುಹೋಗುವ ಹಡಗು ಇಲ್ಲಿ ಲಂಗರು ಹಾಕಿ ಬಂದರಿನ ಹಕ್ಕೆಂದು ಕಾಣಿಕೆ ಸಲ್ಲಿಸಬೇಕಿತ್ತು. ತಪ್ಪಿಸಿಕೊಂಡ ಹಡಗನ್ನು ಬೆನ್ನಟ್ಟಿ ಹಿಡಿಯಲಾಗುತ್ತಿತ್ತು. ಕರಾವಳಿಯ ಶಾಸನಗಳು ಹೆಸರಿಸುವ ಹಂಜಮಾನ ಎಂಬ ವರ್ತಕ ಸಂಘದ ಪದವು ಪಾರಸಿಯ ‘ಅಂಜುಮನ್’ನಿಂದ ಬಂದುದೆಂಬುದನ್ನು ಇದರೊಡನೆ ನೆನೆದರೆ, ಬಂದರಿನ ಬಹುಜನ ಸಂಪರ್ಕ ಸ್ಪಷ್ಟವಾಗುತ್ತದೆ.

ಶಾಸನ ಮತ್ತು ಪ್ರವಾಸಕಥನಗಳು ಹೇಳದ ಒಂದು ಸಂಗತಿಯನ್ನು ಬಾರಕೂರಿನ ಐತಿಹ್ಯ ಹೇಳುತ್ತದೆ. ದೇವಪಾಂಡ್ಯನೆಂಬ ಅರಸನು ಹಡಗುಗಳನ್ನು ಕಟ್ಟಿಸಿ ನೀರಿಗಿಳಿಸಲು ಹೊರಟಾಗ ಕುಂಡೋದರನೆಂಬ ಭೂತ ತಡೆದು ಅರಸನ ಮಗನೊಬ್ಬನನ್ನು ಬಲಿಯಾಗಿ ಕೇಳಿತು. ಅರಸನ ಮಡದಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ಆಗ ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಒಪ್ಪಿಸಿದಳು. ಭೂತವು ಬಾಲಕನನ್ನು ಬಲಿಗೊಳ್ಳದೆ ಹರಸಿತು. ಭೂತಾಳಪಾಂಡ್ಯನೆಂಬ ಹೆಸರಿನಿಂದ ಆತ ಪಟ್ಟವೇರಿದ. ಅಂದಿನಿಂದ ಆಸ್ತಿಯು ಮಕ್ಕಳಿಗಲ್ಲದೆ ಸೋದರಳಿಯರಿಗೆ ಸಲ್ಲಬೇಕೆಂಬ ಅಳಿಯಸಂತಾನದ ಕಟ್ಟು ನಡೆದುಬಂತು ಎಂಬುದು ಕಥೆಯ ಸಾರ.

ಜಾನಪದ ದೃಷ್ಟಿಯಿಂದ ಈ ಐತಿಹ್ಯದ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಕಥೆ ನಡೆಯುವುದು ರಣರಂಗದಲ್ಲಲ್ಲ, ಹಡಗುಕಟ್ಟೆಯಲ್ಲಿ. ರಾಜ್ಯದ ಭವಿಷ್ಯವು ನೀರಿಗಿಳಿಯುವ ಹಡಗನ್ನು ಅವಲಂಬಿಸಿದೆಯೆಂಬ ಬಂದರು ಪಟ್ಟಣದ ಅನುಭವವೇ ಇಲ್ಲಿ ಕಥೆಯಾಗಿದೆ. ಎರಡನೆಯದಾಗಿ, ಸಾರ್ವಜನಿಕ ಕಾರ್ಯಕ್ಕೆ ನರಬಲಿ ಎಂಬ ಆಶಯ ಕನ್ನಡದಲ್ಲಿ ಅಪರೂಪವೇನಲ್ಲ. ‘ಕೆರೆಗೆ ಹಾರ’ದಲ್ಲಿ ಕಿರಿಯ ಸೊಸೆ ಭಾಗೀರಥಿ ಬಲಿಯಾಗುತ್ತಾಳೆ, ಗಂಡನ ಮನೆಯಲ್ಲಿ ಅವಳ ಪರವಾಗಿ ನಿಲ್ಲುವವರಿಲ್ಲ. ಬಾರಕೂರಿನ ಕಥೆಯಲ್ಲಿ ನಿರ್ಧಾರ ಕೈಗೊಳ್ಳುವವಳು ಹುಟ್ಟಿದ ಮನೆಯಲ್ಲೇ ನೆಲೆಯಿರುವ ಮಗಳು. ಬಲಿ ತಪ್ಪುತ್ತದೆ, ಹಕ್ಕು ಅವಳ ಸಂತತಿಗೆ ದೊರೆಯುತ್ತದೆ. ಎರಡು ಕುಟುಂಬ ವ್ಯವಸ್ಥೆಗಳು ಒಂದೇ ಆಶಯವನ್ನು ಹೇಗೆ ಬೇರೆ ಬೇರೆಯಾಗಿ ಮುಗಿಸುತ್ತವೆ ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಈ ಕಥೆಯನ್ನು ನಡೆದ ಘಟನೆಯೆಂದು ಓದಿದುದರ ಪರಿಣಾಮ ಸಾಮಾನ್ಯವಾಗಿರಲಿಲ್ಲ. ಸಂಪ್ರದಾಯವು ಭೂತಾಳಪಾಂಡ್ಯನನ್ನು ಶಾಲಿವಾಹನ ಶಕದ ಆರಂಭಕ್ಕೆ ಒಯ್ಯುತ್ತದೆ. ಆದರೆ ಆ ಕಾಲದ ಯಾವ ಶಾಸನವೂ ಅವನನ್ನು ಅರಿಯದು. ಹೀಗಿದ್ದರೂ ಅವನ ಹೆಸರಿನಲ್ಲಿದ್ದ ಕಟ್ಟಳೆಯ ಪಠ್ಯವು ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯಾಯಾಲಯಗಳಲ್ಲಿ ಪ್ರಮಾಣವಾಯಿತು. 1860ರ ದಶಕದಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಅಳಿಯಸಂತಾನ ಕುಟುಂಬದ ಸದಸ್ಯರಿಗೆ ಆಸ್ತಿಯ ಪಾಲನ್ನು ಒತ್ತಾಯಿಸಿ ಪಡೆಯುವ ಹಕ್ಕಿಲ್ಲವೆಂಬ ನಿಲುವನ್ನು ತಳೆಯಿತು. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ವಿದ್ವಾಂಸ ಎ.ಸಿ. ಬರ್ನೆಲ್ ಆ ಪಠ್ಯದ ಪ್ರಾಚೀನತೆಯನ್ನು ಸಂಶಯಿಸಿದನಾದರೂ ರೂಢಿ ಬದಲಾಗಲಿಲ್ಲ. ಕವರುಗಳಿಗೆ ವಿಭಾಗದ ಹಕ್ಕನ್ನು ನೀಡಿದುದು 1949ರ ಮದ್ರಾಸ್ ಅಳಿಯಸಂತಾನ ಅಧಿನಿಯಮ. ಬಾಯಿಮಾತಿನಲ್ಲಿ ಕಾಲಕ್ಕೆ ತಕ್ಕಂತೆ ಬಾಗುತ್ತಿದ್ದ ಸಂಪ್ರದಾಯವು ಲಿಖಿತ ಪ್ರಮಾಣವಾಗಿ ಗಟ್ಟಿಗೊಂಡಾಗ ಹಲವು ತಲೆಮಾರುಗಳ ಕುಟುಂಬಗಳ ಬದುಕನ್ನೇ ಅದು ನಿರ್ಧರಿಸಿತು. ಐತಿಹ್ಯವನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದು ಎಷ್ಟು ಅಪಾಯವೋ, ದಾಖಲೆಯೆಂದು ನಂಬುವುದೂ ಅಷ್ಟೇ ಅಪಾಯ.

ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಸಮುದ್ರ ವ್ಯಾಪಾರದ ಮೇಲೆ ಹಿಡಿತ ಸಾಧಿಸಿದರು. 1569ರಲ್ಲಿ ಸಮೀಪದ ಬಸರೂರಿನಲ್ಲಿ ಅವರ ಕೋಟೆ ಎದ್ದಿತು. ವಿಜಯನಗರದ ಆಳ್ವಿಕೆ ಕುಗ್ಗಿ ಕೆಳದಿಯ ನಾಯಕರು ಕರಾವಳಿಯನ್ನು ವಶಪಡಿಸಿಕೊಂಡ ಮೇಲೆ ಬಾರಕೂರಿಗೆ ರಾಜಧಾನಿಯ ಸ್ಥಾನ ಉಳಿಯಲಿಲ್ಲ. ಪಟ್ಟಣವು ಗ್ರಾಮವಾಯಿತು, ಕೇರಿಗಳು ಉಳಿದವು.

ಆದ್ದರಿಂದ ಬಾರಕೂರಿನ ಸಂದರ್ಶನ ಕತ್ತಲೆ ಬಸದಿಯ ಛಾಯಾಚಿತ್ರದೊಂದಿಗೆ ಮುಗಿಯಬಾರದು. ಒಂದು ಕೇರಿಯಿಂದ ಇನ್ನೊಂದು ಕೇರಿಗೆ ನಡೆದು, ಅಲ್ಲಿನ ದೇವಸ್ಥಾನದ ಶಾಸನವನ್ನು ಗುರುತಿಸಿ, ಹಿರಿಯರು ಹೇಳುವ ಸ್ಥಳನಾಮಗಳನ್ನು ಕೇಳಿ, ಕೊನೆಗೆ ನದಿಯ ದಡಕ್ಕೆ ಇಳಿದಾಗ ಪಟ್ಟಣದ ರಚನೆ ತಾನಾಗಿ ತಿಳಿಯುತ್ತದೆ. ಸ್ಮಾರಕಗಳಿಗೆ ಬೇಲಿ, ಫಲಕಗಳ ರಕ್ಷಣೆ ಸಾಧ್ಯ; ಕೇರಿಯ ಗಡಿಗಳಿಗೆ, ಕಟ್ಟೆ, ಕೆರೆ, ಬನಗಳ ಹೆಸರುಗಳಿಗೆ ಅಂತಹ ರಕ್ಷಣೆಯಿಲ್ಲ. ಹೊಸ ಬಡಾವಣೆ, ಹೊಸ ವಿಳಾಸಗಳ ನಡುವೆ ಅವು ಮರೆಯಾದರೆ, ಶಾಸನದಲ್ಲಿ ಬರುವ ಕೇರಿಯ ಹೆಸರನ್ನು ನೆಲದ ಮೇಲೆ ಗುರುತಿಸುವ ಆಧಾರವೇ ಇಲ್ಲವಾಗುತ್ತದೆ. ಕೇರಿವಾರು ಸ್ಥಳನಾಮ ಸಂಗ್ರಹ, ಶಾಸನಗಳ ನಕಾಶೆ ಮತ್ತು ಐತಿಹ್ಯದ ಪಾಠಾಂತರಗಳ ದಾಖಲೀಕರಣ ಈ ಮೂರನ್ನೂ ಒಟ್ಟಾಗಿ ಕೈಗೊಳ್ಳುವುದು ಬಾರಕೂರಿನ ಅಧ್ಯಯನದಲ್ಲಿ ಆಗಬೇಕಾದ ತುರ್ತಿನ ಕೆಲಸ.