ಅನ್‌ಚೆಕ್ಡ್ ಕಾಸ್ಟ್: ಜಾವಾದಲ್ಲಿ ತಪಾಸಣೆ ನಡೆಯುವ ಜಾಗ

ಜಾವಾದಲ್ಲಿ ಆಬ್ಜೆಕ್ಟ್ ಟೈಪಿನ ವೇರಿಯಬಲ್ ಒಂದನ್ನು ಸ್ಟ್ರಿಂಗ್‌ಗೆ ಕಾಸ್ಟ್ ಮಾಡಿದಾಗ ಕಂಪೈಲರ್ ‘ಚೆಕ್‌ಕಾಸ್ಟ್’ ಎಂಬ ಬೈಟ್‌ಕೋಡ್ ಸೂಚನೆಯನ್ನು ಸೇರಿಸುತ್ತದೆ. ಓಡುವ ಹೊತ್ತಿಗೆ ವರ್ಚುವಲ್ ಮೆಷೀನ್ ಆ ವಸ್ತುವಿನ ಅಸಲಿ ಕ್ಲಾಸನ್ನು ನೋಡುತ್ತದೆ. ಹೊಂದದಿದ್ದರೆ ಅಲ್ಲಿಯೇ ಕ್ಲಾಸ್‌ಕಾಸ್ಟ್‌ಎಕ್ಸೆಪ್ಷನ್. ಅದೇ ವೇರಿಯಬಲನ್ನು ಲಿಸ್ಟ್<ಸ್ಟ್ರಿಂಗ್>ಗೆ ಕಾಸ್ಟ್ ಮಾಡಿದರೆ, ಅದು ಲಿಸ್ಟ್ ಹೌದೋ ಅಲ್ಲವೋ ಎಂಬುದನ್ನಷ್ಟೇ ಪರೀಕ್ಷಿಸಲು ಸಾಧ್ಯ. ಒಳಗಿರುವವು ಸ್ಟ್ರಿಂಗ್‌ಗಳೇ ಎಂಬುದಕ್ಕೆ ಪುರಾವೆ ಉಳಿದಿರುವುದಿಲ್ಲ. ಆದ್ದರಿಂದ ಕಂಪೈಲರ್ ‘ಅನ್‌ಚೆಕ್ಡ್’ ಎಂದು ಎಚ್ಚರಿಸಿ ಸುಮ್ಮನಾಗುತ್ತದೆ. ಇಲ್ಲಿ ತಪಾಸಣೆಯೇ ಇಲ್ಲವೆಂದು ಹೇಳುವ ವಾಡಿಕೆಯಿದೆ. ಅದು ಅರ್ಧ ಸತ್ಯ. ತಪಾಸಣೆ ಬಹುಪಾಲು ಮುಂದಕ್ಕೆ ಹೋಗಿರುತ್ತದೆ, ಅದೂ ತಪ್ಪು ಮಾಡದ ಸಾಲಿನ ಮೇಲೆ.

ಇದರ ಮೂಲ ಎರೇಜರ್, ಅಂದರೆ ಟೈಪ್ ಮಾಹಿತಿಯನ್ನು ಅಳಿಸುವ ಪದ್ಧತಿಯಲ್ಲಿದೆ. ಬ್ರಾಚಾ, ಒಡೆರ್ಸ್ಕಿ, ಸ್ಟೌಟಮೈರ್, ವಾಡ್ಲರ್ 1998ರಲ್ಲಿ ಮಂಡಿಸಿದ ಜಿಜೆ ಭಾಷೆಯ ವಿನ್ಯಾಸವೇ 2004ರ ಜಾವಾ 5ರ ಜೆನೆರಿಕ್ಸ್‌ಗೆ ತಳಹದಿ. ಹಳೆಯ ಲೈಬ್ರರಿಗಳು ಹೊಸ ಕೋಡಿನ ಜೊತೆ ಬಾಳಬೇಕಿತ್ತು. ಹಾಗಾಗಿ ಕಂಪೈಲ್ ಆದ ಮೇಲೆ ಲಿಸ್ಟ್<ಸ್ಟ್ರಿಂಗ್> ಬರೀ ಲಿಸ್ಟ್ ಆಗುತ್ತದೆ. ಮೈಕ್ರೋಸಾಫ್ಟಿನ ಡಾಟ್‌ನೆಟ್ ಟೈಪ್ ಮಾಹಿತಿಯನ್ನು ಓಡುವ ಹೊತ್ತಿಗೂ ಉಳಿಸಿಕೊಂಡಿತು.

ಅಳಿಸಿದ್ದನ್ನು ಕಂಪೈಲರ್ ಬಳಕೆಯ ಜಾಗದಲ್ಲಿ ತುಂಬಿಕೊಡುತ್ತದೆ: ಗೆಟ್ ಮೆಥಡ್ ಹಿಂತಿರುಗಿಸಿದ್ದನ್ನು ಸ್ಟ್ರಿಂಗ್ ವೇರಿಯಬಲಿನಲ್ಲಿಟ್ಟರೆ, ನಾವು ಬರೆಯದ ಚೆಕ್‌ಕಾಸ್ಟ್ ಒಂದು ಅಲ್ಲಿ ಬಂದು ಕೂರುತ್ತದೆ. ಲಿಸ್ಟ್<ಸ್ಟ್ರಿಂಗ್> ಎಂದು ಕಾಸ್ಟ್ ಮಾಡಿದ ಪಟ್ಟಿಯಲ್ಲಿ ಇಂಟೀಜರ್ ನುಸುಳಿದ್ದರೆ, ಅದನ್ನು ತೆಗೆದು ಪ್ರಿಂಟ್‌ಲೈನ್‌ಗೆ ಕೊಟ್ಟ ಕೂಡಲೇ ಪ್ರೋಗ್ರಾಂ ಬೀಳುತ್ತದೆ. ಲಿಸ್ಟ್<ಇಂಟೀಜರ್>ನಲ್ಲಿ ಸ್ಟ್ರಿಂಗ್ ನುಸುಳಿದ್ದರೆ ಅದೇ ಸಾಲು ತಣ್ಣಗೆ ಅಚ್ಚು ಹಾಕುತ್ತದೆ! ಪ್ರಿಂಟ್‌ಲೈನ್‌ಗೆ ಸ್ಟ್ರಿಂಗ್ ಸ್ವೀಕರಿಸುವ ಪ್ರತ್ಯೇಕ ರೂಪವಿದೆ. ಇಂಟೀಜರ್ ವಸ್ತುವಿಗೆ ಮಾತ್ರ ಆಬ್ಜೆಕ್ಟ್ ಸ್ವೀಕರಿಸುವ ರೂಪವೇ ಗತಿ, ಅಲ್ಲಿ ಕಾಸ್ಟ್ ಬೇಕಾಗುವುದಿಲ್ಲ. ಒಂದೇ ಬಗೆಯ ತಪ್ಪು ಬಯಲಾಗುವುದೋ ಇಲ್ಲವೋ ಎಂಬುದು ಓವರ್‌ಲೋಡ್ ಆಯ್ಕೆಯ ಕೈಯಲ್ಲಿದೆ. ಹೀಪ್ ಪೊಲ್ಯೂಶನ್ ಎಂದು ಕರೆಯುವ ಈ ಸ್ಥಿತಿಯನ್ನು ಪತ್ತೆ ಹಚ್ಚುವುದು ಕಷ್ಟವಾಗುವುದು ಇದರಿಂದಲೇ; ಸ್ಟ್ಯಾಕ್ ಟ್ರೇಸ್ ತೋರುವುದು ಬಿದ್ದ ಜಾಗವನ್ನು, ಎಡವಿದ ಜಾಗವನ್ನಲ್ಲ.

ಹಾಗೆಂದು ಅನ್‌ಚೆಕ್ಡ್ ಕಾಸ್ಟ್ ನಿಷಿದ್ಧವೇನಲ್ಲ. ಅರೇಲಿಸ್ಟ್ ಒಳಗೂ ಅದಿದೆ: ಆಬ್ಜೆಕ್ಟ್ ಅರೇಯಿಂದ ತೆಗೆದದ್ದನ್ನು ಅಂಶದ ಟೈಪಿಗೆ ಕಾಸ್ಟ್ ಮಾಡಿ, ಎಚ್ಚರಿಕೆಯನ್ನು ‘ಸಪ್ರೆಸ್‌ವಾರ್ನಿಂಗ್ಸ್’ ಗುರುತಿನಿಂದ ಅಡಗಿಸಿದ್ದಾರೆ. ಆ ಅರೇ ಹೊರಗಿನವರ ಕೈಗೆ ಸಿಗದ್ದರಿಂದ, ಸೇರಿಸುವ ಮೆಥಡ್‌ಗಳು ಸರಿಯಾದ ಟೈಪನ್ನೇ ಬೇಡುವುದರಿಂದ ಇದು ಸಮರ್ಥನೀಯ. ಆದರೆ ಇಡೀ ಕ್ಲಾಸಿನ ತಲೆಯ ಮೇಲೆ ಅದೇ ಗುರುತನ್ನು ಹಚ್ಚುವುದಕ್ಕೆ ಇಂಥ ಸಮರ್ಥನೆ ಸಿಗುವುದು ಅಪರೂಪ. ಅನುಮಾನ ಬಂದಾಗ ಪಟ್ಟಿಯನ್ನು ಹುಟ್ಟುವಲ್ಲಿಯೇ ಕಲೆಕ್ಷನ್ಸ್ ಕ್ಲಾಸಿನ ಚೆಕ್ಡ್‌ಲಿಸ್ಟ್‌ನಲ್ಲಿ ಸುತ್ತಿದರೆ, ತಪ್ಪು ವಸ್ತು ಒಳಬರುವ ಗಳಿಗೆಯಲ್ಲೇ ಸಿಕ್ಕಿಬೀಳುತ್ತದೆ. ಮೂಲ ಪಟ್ಟಿಯ ಮೇಲೆ ಬೇರೆಯವರ ಹಿಡಿತ ಉಳಿದಿದ್ದರೆ ಈ ಕಾವಲೂ ವ್ಯರ್ಥ.